ಟ್ಯಾಂಕಿನ ನೆರಳನ್ನು ಡಿಸೆಂಬರ್‌ನಲ್ಲಿ ನೋಡಿ
ತಾರಸಿಯ ಸೋಲಾರ್ ಪ್ಯಾನೆಲ್ ಬಗ್ಗೆ ನೀವು 'ಒಂದು ಪ್ಯಾನೆಲ್‌ಗೆ ನೆರಳು ಬಿದ್ದರೆ ಅದೊಂದರ ಕರೆಂಟ್ ಮಾತ್ರ ಕಡಿಮೆ' ಎಂದು ಬರೆದಿದ್ದೀರಿ. ಇದನ್ನು ಒಪ್ಪಲಾರೆ. ಸೀರೀಸ್‌ನಲ್ಲಿ, ಅಂದರೆ ಒಂದೇ ಕರೆಂಟ್ ಒಂದರ ನಂತರ ಒಂದರಲ್ಲಿ ಹರಿಯುವಂತೆ, ಜೋಡಿಸಿದ್ದರೆ ಉಳಿದ ಪ್ಯಾನೆಲ್‌ಗಳಿಗೂ ಪೆಟ್ಟು ಬೀಳಬಹುದು. ನೆರಳು ಬಿದ್ದ ಭಾಗವನ್ನು ಬಳಸಿಕೊಂಡು ಕರೆಂಟ್ ಹರಿಯಲು ಬೇರೆ ದಾರಿ ಕೊಡುವ ಬೈಪಾಸ್ ಡಯೋಡ್ ಇದ್ದರೂ ನಷ್ಟ ಪೂರ್ತಿ ತಪ್ಪುವುದಿಲ್ಲ.

ನಮ್ಮದು ಮೈಸೂರು. ವಾಸ್ತು ನೋಡಿ ನೀರಿನ ಟ್ಯಾಂಕನ್ನು ನೈಋತ್ಯಕ್ಕೆ ಇಟ್ಟಿದ್ದೆವು. ಏಪ್ರಿಲ್‌ನಲ್ಲಿ ಪ್ಯಾನೆಲ್ ಹಾಕಿಸಿದಾಗ ನೆರಳಿನ ಯೋಚನೆಯೇ ಬರಲಿಲ್ಲ. ಡಿಸೆಂಬರ್ ಬಂತು ನೋಡಿ, ಮಧ್ಯಾಹ್ನ ಮೂರಕ್ಕೇ ಎರಡು ಪ್ಯಾನೆಲ್ ಮೇಲೆ ಟ್ಯಾಂಕಿನ ನೆರಳು! ಆ ತಿಂಗಳ 21ರ ಸುಮಾರಿಗೆ ಇಲ್ಲಿ ನಡುಹಗಲಲ್ಲೂ ಸೂರ್ಯ 54 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ, ಅದೂ ದಕ್ಷಿಣಕ್ಕೆ ವಾಲಿಕೊಂಡು. ಆಮೇಲೆ ತಾರಸಿ ಮೇಲೆ ಒಂಬತ್ತು, ಹನ್ನೆರಡು, ಮೂರು ಗಂಟೆಯ ನೆರಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಎರಡು ಪ್ಯಾನೆಲ್ಲುಗಳನ್ನೂ ಪೂರ್ವಕ್ಕೆ ಸರಿಸಿದೆವು. ಸ್ಟ್ಯಾಂಡ್ ಬಿಚ್ಚಿ ಕೂರಿಸುವ ಖರ್ಚು ಸುಮ್ನೆ ಜಾಸ್ತಿ ಆಯಿತು. ಈ ಗೆರೆ ಮೊದಲೇ ಎಳೆಯಬಹುದಿತ್ತು ಅಲ್ವಾ?