ಎಐ ಕೋಡ್ ಪರೀಕ್ಷಿಸುವ ಗುತ್ತಿಗೆ: ಊರಲ್ಲೇ ಕೂತು ನಂಬಬಹುದಾದ ಕೆಲಸವೇ?

ಪರ
(ಶಿರಸಿಯಿಂದ ಒಬ್ಬ ಬ್ಯಾಕೆಂಡ್ ಪ್ರೋಗ್ರಾಮರ್)

ಬ್ಯಾಕೆಂಡ್ ಎಂದರೆ ಪರದೆಯ ಹಿಂದೆ ಸರ್ವರಿನಲ್ಲಿ ಓಡುವ ಕೋಡ್. ಅದರ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಪರದೆಯ ಮೇಲೆ ಬಟನ್ ಸೊಟ್ಟಗಿದ್ದರೆ ಯಾರು ಬೇಕಾದರೂ ಹೇಳುತ್ತಾರೆ. ಒಂದೇ ಆರ್ಡರಿಗೆ ಎರಡು ಸಲ ದುಡ್ಡು ಕಟ್ ಆಗುತ್ತಿದೆ ಎಂಬುದು ಮಾತ್ರ ಗಿರಾಕಿ ಫೋನ್ ಮಾಡಿ ಬೈದಾಗಲೇ ಗೊತ್ತಾಗುವುದು. ಎಐ ಟೂಲ್ ಬರೆದ ಕೋಡ್ ನೋಡಲು ಪಳಗಿದ ಕಣ್ಣು ಬೇಕು. ಆ ಕಣ್ಣು ಬೆಂಗಳೂರಿನಲ್ಲೇ ಇರಬೇಕು ಎಂದೇನಿಲ್ಲ.

ಕೆಲಸ ಹೀಗಿರುತ್ತದೆ. ನಿಜವಾದ ಒಂದು ಪ್ರಾಜೆಕ್ಟಿನ ಕೋಡ್ ಇಟ್ಟುಕೊಂಡು ಟೂಲ್‌ಗೆ ಏನೋ ಒಂದು ಕೆಲಸ ಒಪ್ಪಿಸುತ್ತೇವೆ. ಅದು ಎರಡು ಉತ್ತರ ಕೊಡುತ್ತದೆ. ಎರಡನ್ನೂ ಡಾಕರ್‌ನಲ್ಲಿ (ಕೋಡನ್ನು ಪ್ರತ್ಯೇಕವಾಗಿಟ್ಟು ಓಡಿಸುವ ಸಾಧನ) ಓಡಿಸಬೇಕು, ಕೋಡ್ ಸರಿಯಿದೆಯೇ ಎಂದು ತಾನಾಗಿ ನೋಡುವ ಟೆಸ್ಟ್ ಬರೆಯಬೇಕು, ಯಾವುದು ಮೇಲು, ಏಕೆ ಮೇಲು ಎಂದು ವಿವರಿಸಬೇಕು. ಸುಮ್ನೆ ಸ್ಟಾರ್ ಒತ್ತಿ ಎದ್ದು ಹೋಗುವ ಕೆಲಸ ಅಲ್ಲ.

ನಾನು ಕೊಟ್ಟದ್ದರಲ್ಲಿ ನನಗೆ ಇಷ್ಟವಾದದ್ದು ಬಸ್ ಸೀಟು ಬುಕಿಂಗ್. ಚೌತಿ ಹತ್ತಿರ ಬಂದಾಗ ಬೆಂಗಳೂರಿನಿಂದ ಶಿರಸಿಗೆ ಬರುವ ರಾತ್ರಿ ಬಸ್ಸಿಗೆ ಜನ ಹೇಗೆ ಮುಗಿಬೀಳುತ್ತಾರೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಟೂಲ್ ಚೆಂದದ ಕೋಡ್ ಬರೆಯಿತು. ಸೀಟು ಖಾಲಿ ಇದೆಯಾ ಎಂದು ನೋಡು, ಇದ್ದರೆ ಬುಕ್ ಮಾಡು. ತನ್ನದೇ ಟೆಸ್ಟ್ ಬರೆದುಕೊಂಡು ಪಾಸೂ ಆಯಿತು. ಆ ಟೆಸ್ಟಿನಲ್ಲಿ ಇದ್ದದ್ದು ಒಬ್ಬನೇ ಪ್ರಯಾಣಿಕ! ನಾನು ಇಬ್ಬರನ್ನು ಒಟ್ಟಿಗೆ ಬಿಟ್ಟೆ. ನೋಡುವುದಕ್ಕೂ ಬುಕ್ ಮಾಡುವುದಕ್ಕೂ ನಡುವೆ ಇನ್ನೊಬ್ಬ ನುಗ್ಗಿದ. ಇಬ್ಬರಿಗೂ ಅದೇ ಸೀಟು. ಎರಡನೇ ಉತ್ತರ ನೋಡಲು ಅಷ್ಟು ಚೆಂದ ಇರಲಿಲ್ಲ, ಆದರೆ ಡೇಟಾಬೇಸಿನಲ್ಲೇ ಯುನಿಕ್ ಕನ್‌ಸ್ಟ್ರೇಂಟ್, ಅಂದರೆ ಒಂದು ಸೀಟು ಎರಡು ಸಲ ದಾಖಲಾಗದಂತೆ ತಡೆಯುವ ನಿಯಮ, ಹಾಕಿತ್ತು. ಅದೇ ಗೆದ್ದಿತು. ಟಿಕೆಟ್ ಹಿಡಿದ ಇಬ್ಬರು ರಾತ್ರಿ ಹತ್ತಕ್ಕೆ ಒಂದೇ ಸೀಟಿನ ಮುಂದೆ ನಿಂತು ಜಗಳ ಆಡುವುದನ್ನು ಕಂಡವನಿಗೆ ಈ ತಪ್ಪು ಬೇಗ ಹೊಳೆಯುತ್ತದೆ ಎಂದು ನನ್ನ ನಂಬಿಕೆ.

ಮನುಷ್ಯರು ಕೂತು ನೋಡದಿದ್ದರೆ ಅಳತೆಗೋಲೇ ಕೆಟ್ಟಿರುತ್ತದೆ. ಎಐ ಎಷ್ಟು ಚೆನ್ನಾಗಿ ಕೋಡ್ ಬರೆಯುತ್ತದೆ ಎಂದು ಅಳೆಯಲು 2023ರಲ್ಲಿ ಬಂದ ಎಸ್‌ಡಬ್ಲ್ಯೂಇ-ಬೆಂಚ್ ಎಂಬ ಪರೀಕ್ಷೆಯಲ್ಲಿ 12 ಪೈಥಾನ್ ಪ್ರಾಜೆಕ್ಟುಗಳಿಂದ ಆಯ್ದ 2,294 ಪ್ರಶ್ನೆಗಳಿದ್ದವು. 2024ರಲ್ಲಿ ಓಪನ್‌ಎಐ 93 ಡೆವಲಪರ್‌ಗಳಿಂದ ಅದರಲ್ಲಿ 1,699 ಪ್ರಶ್ನೆಗಳನ್ನು ಮತ್ತೆ ನೋಡಿಸಿತು. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಬಿದ್ದುಹೋದವು. ಕೆಲವು ಕಡೆ ಪ್ರಶ್ನೆಯೇ ಅಸ್ಪಷ್ಟ, ಕೆಲವು ಕಡೆ ಸರಿ ಉತ್ತರವನ್ನೂ ತಪ್ಪು ಎನ್ನುವ ಟೆಸ್ಟ್. ಕೊನೆಗೆ ಇಟ್ಟುಕೊಂಡದ್ದು 500.

ಇನ್ನು ಊರಿನ ವಿಷಯ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಕೊಳೆ ರೋಗದ ಭಯ. ಮೈಲುತುತ್ತ, ಸುಣ್ಣ ಕದಡಿ ಬೋರ್ಡೋ ಹೊಡೆಯಬೇಕು. ಮಳೆ ಬಿಡುವು ಕೊಡಬೇಕು, ಅದೇ ದಿನ ಮರ ಹತ್ತುವ ಕೊನೆಗೌಡನೂ ಸಿಗಬೇಕು. "ಮಾಣಿ, ಇವತ್ತು ಹೊಳವಾಗಿದೆ, ಬಾ" ಎಂದು ಅಪ್ಪಯ್ಯ ಕರೆದರೆ ಲ್ಯಾಪ್‌ಟಾಪ್ ಮುಚ್ಚಿ ಹೋಗುತ್ತೇನೆ. ಕೋಡ್ ರಾತ್ರಿ ನೋಡಿದರೂ ನಡೆಯುತ್ತದೆ. ಸಂಬಳದ ಕೆಲಸದಲ್ಲಿ ಮ್ಯಾನೇಜರಿಗೆ "ಮಳೆ ನಿಂತಿದೆ, ರಜೆ ಕೊಡಿ" ಎಂದು ಕೇಳಲು ಆಗುತ್ತದಾ? ಕರೆಂಟ್ ಹೋಗುತ್ತದೆ, ಮರ ಬಿದ್ದು ಫೈಬರ್ ತುಂಡಾಗುತ್ತದೆ, ನಿಜ. ಇನ್ವರ್ಟರ್ ಇದೆ, ಮೊಬೈಲ್ ಹಾಟ್‌ಸ್ಪಾಟ್ ಇದೆ.

ವಿರೋಧ ಬರೆಯುವವರು ಪಿಎಫ್ ಎಂದು ಶುರು ಮಾಡುತ್ತಾರೆ ಎಂದು ಗೊತ್ತು. ಬೆಂಗಳೂರಿನ ಬಾಡಿಗೆ, ಅಡ್ವಾನ್ಸ್, ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಇವನ್ನೂ ಅದೇ ಲೆಕ್ಕದಲ್ಲಿ ಬರೆಯಲಿ.

ವಿರೋಧ
(ಕಾರವಾರದಿಂದ ಸಂಬಳಕ್ಕಿರುವ ಒಬ್ಬ ಪ್ರೋಗ್ರಾಮರ್)

ನನಗೆ ವಿರೋಧದ ಪಾಲು ಬಂದಿದೆ, ಬರೆಯುತ್ತೇನೆ. ಹೌದು, ಪಿಎಫ್ ಎಂದೇ ಶುರು ಮಾಡುತ್ತೇನೆ. ಸಂಬಳದವನು ಮೂಲ ವೇತನದಿಂದ ಕಟ್ಟುವ 12%ಕ್ಕೆ ಕಂಪನಿಯೂ 12% ಸೇರಿಸುತ್ತದೆ. ಗುತ್ತಿಗೆಯಲ್ಲಿ ಸೊನ್ನೆ. ಗ್ರಾಚ್ಯುಟಿ ಇಲ್ಲ, ರಜೆಯ ಸಂಬಳ ಇಲ್ಲ, ಆರೋಗ್ಯ ವಿಮೆ ನಮ್ಮದೇ ಖರ್ಚು. ಹೊರದೇಶದಿಂದ ಬರುವ ದುಡ್ಡಿಗೆ ಟಿಡಿಎಸ್ ಮುರಿಯುವವರೂ ಇರುವುದಿಲ್ಲ. ಬಂದದ್ದೆಲ್ಲ ನಮ್ಮದೇ ಎಂದುಕೊಂಡು ಕೂತರೆ ವರ್ಷದ ನಡುವೆಯೇ ಕಂತಿನಲ್ಲಿ ಕಟ್ಟಬೇಕಾದ ಅಡ್ವಾನ್ಸ್ ಟ್ಯಾಕ್ಸ್ ನೆನಪಾಗುವಷ್ಟರಲ್ಲಿ ಬಡ್ಡಿ ಬೆಳೆದಿರುತ್ತದೆ.

ನನ್ನ ತಮ್ಮ ಇದೇ ಕೆಲಸ ಮಾಡುತ್ತಿದ್ದ. ರೇಟು ಡಾಲರಿನಲ್ಲಿ, ನನ್ನ ಸಂಬಳಕ್ಕಿಂತ ಜಾಸ್ತಿ. ಮನೆ ಕಟ್ಟಲು ಸಾಲ ಕೇಳಲು ಹೋದ. ಬ್ಯಾಂಕಿನವರು ಸ್ಯಾಲರಿ ಸ್ಲಿಪ್ ಕೇಳಿದರು, ಇಲ್ಲ. ಫಾರ್ಮ್ 16 ಕೇಳಿದರು, ಇಲ್ಲ. "ಕಂಪನಿ ಎಲ್ಲಿದೆ?" ವೆಬ್‌ಸೈಟ್ ತೋರಿಸಿದ. "ಮೇಲಿನ ಅಧಿಕಾರಿ ಯಾರು?" ಚಾಟ್‌ನಲ್ಲಿ ಬರುವ ಹೆಸರು ತೋರಿಸಿದ. ಹಿಂದಿನ ವರ್ಷಗಳ ರಿಟರ್ನ್ ತನ್ನಿ ಎಂದರು. ಅವನು ಈ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಅಪ್ಪನ ಪೆನ್ಶನ್ ಕಾಗದ ಹಿಡಿದು ಮತ್ತೆ ಹೋಗಬೇಕಾಯಿತು. ಅಷ್ಟು ಹೊತ್ತಿಗೆ ಕ್ಯೂನಲ್ಲಿ ಕೆಲಸವೇ ಖಾಲಿ. ನೋಟಿಸ್ ಇಲ್ಲ, ಫೋನ್ ಇಲ್ಲ. ಡ್ಯಾಶ್‌ಬೋರ್ಡ್ ತೆರೆದರೆ ಸದ್ಯಕ್ಕೆ ಟಾಸ್ಕ್ ಇಲ್ಲ ಎಂಬ ಒಂದು ಸಾಲು. ಏನು ಮಾಡಿದ್ದೆ ಎಂದು ರೆಸ್ಯೂಮೆಯಲ್ಲಿ ಬಿಡಿಸಿ ಬರೆಯೋಣ ಎಂದರೆ ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿದ್ದ.

ಶಿರಸಿಯ ಗೆಳೆಯರು ಬೋರ್ಡೋ ಹೊಡೆಯುವ ಕತೆ ಹೇಳಿದರು. ಚೆನ್ನಾಗಿದೆ. ಆದರೆ ಊರಲ್ಲಿರುವುದು ಗುತ್ತಿಗೆ ಕೊಟ್ಟ ವರವೇನೂ ಅಲ್ಲ. ನಾನೂ ಕಾರವಾರದ ಮನೆಯಿಂದಲೇ ಕೆಲಸ ಮಾಡುತ್ತೇನೆ, ಸಂಬಳಕ್ಕೆ. ಸಂಜೆ ಬೀಚಿಗೂ ಹೋಗುತ್ತೇನೆ.

ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಮುಗಿಸಿದ ಹುಡುಗರು "ಸರ್, ಇದಕ್ಕೆ ಸೇರಬಹುದಾ?" ಎಂದು ಕೇಳುತ್ತಾರೆ. ಸೀಟಿನ ತಪ್ಪು ಹಿಡಿಯುವ ಕಣ್ಣು ಅವರಿಗೆ ಬರುವುದು ಟೀಮಿನಲ್ಲಿ ಹಿರಿಯರಿಂದ ಬೈಸಿಕೊಂಡಾಗ. ಒಂಟಿಯಾಗಿ ಕೂತು ಯಂತ್ರದ ಉತ್ತರಗಳಿಗೆ ಅಂಕ ಹಾಕಿದರೆ ಬರುತ್ತದೆಯೇ? ಅನುಭವ ಇದ್ದವರ ಮಾತು ಬೇರೆ, ಅದನ್ನು ನಾನು ಜೋರಾಗಿ ವಿರೋಧಿಸಲಾರೆ. ಹೋಗುವವರು ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳಿ. ಮನೆಸಾಲ ಬೇಕಿದ್ದರೆ ಈಗಿನ ಕೆಲಸ ಬಿಡುವ ಮೊದಲೇ ಮಂಜೂರು ಮಾಡಿಸಿಕೊಳ್ಳಿ.