ಸತ್ಯಾಂಶ: ಅಂಟಾರ್ಕ್ಟಿಕಾದಲ್ಲಿ ಅನ್ನ ಬೇಯುವುದಿಲ್ಲವೇ?

ಅಂಟಾರ್ಕ್ಟಿಕಾದ ಚಳಿಯಲ್ಲಿ ನೀರು ಕುದಿಯುವುದೇ ಇಲ್ಲ, ಆದ್ದರಿಂದ ಅಲ್ಲಿರುವ ನಮ್ಮ ವಿಜ್ಞಾನಿಗಳು ಮಾತ್ರೆ ನುಂಗಿ, ಪೆಂಗ್ವಿನ್ ಮಾಂಸ ತಿಂದು ಬದುಕುತ್ತಾರೆ ಎಂಬ ಸಂದೇಶವೊಂದು ಚಿಕ್ಕಮಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಭಾರತದ ಮೈತ್ರಿ (1989) ಮತ್ತು ಭಾರತಿ (2012) ನೆಲೆಗಳೆರಡರಲ್ಲೂ ಬೆಚ್ಚಗಿನ ಅಡುಗೆಮನೆಯಿದ್ದು, ತಂಡದೊಂದಿಗೆ ಅಡುಗೆಯವರೂ ಹೋಗುತ್ತಾರೆ. ಮೈತ್ರಿಗೆ ಪಕ್ಕದ ಪ್ರಿಯದರ್ಶಿನಿ ಸರೋವರದ ನೀರು ಸಿಗುತ್ತದೆ. ನಿಜವಾದ ಕೊರತೆ ಹಸಿ ತರಕಾರಿಯದು: ದಿನಸಿ ಹೊತ್ತ ಹಡಗು ಅಲ್ಲಿಯ ಬೇಸಿಗೆಯಲ್ಲಷ್ಟೇ ತಲುಪಬಲ್ಲದು, ಆದ್ದರಿಂದ ತಂದ ಸೊಪ್ಪು ಮುಗಿದ ಮೇಲೆ ಒಣಗಿಸಿದ, ಹೆಪ್ಪುಗಟ್ಟಿಸಿದ, ಡಬ್ಬಿಯಲ್ಲಿಟ್ಟ ಪದಾರ್ಥಗಳಲ್ಲೇ ದೀರ್ಘ ಚಳಿಗಾಲವನ್ನು ಕಳೆಯಬೇಕು.

ಅಡುಗೆಯನ್ನು ತಡಮಾಡುವುದು ಚಳಿಯಲ್ಲ, ಎತ್ತರ. ಸುಮಾರು 1,930 ಮೀಟರ್ ಎತ್ತರದ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ನೀರು ಸುಮಾರು 93–94 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ ಸಾಮಾನ್ಯ ಪಾತ್ರೆಯ ಮುಚ್ಚಳ ಎತ್ತಿ ನೋಡಿದರೆ ನೀರು ಕೊತಕೊತ ಕುದಿಯುತ್ತಿದ್ದರೂ ಅಕ್ಕಿಯ ನಡುವೆ ಇನ್ನೂ ಗಟ್ಟಿ ಉಳಿದಿರುತ್ತದೆ. ಅಮೆರಿಕದ ಅಮಂಡ್‌ಸೆನ್–ಸ್ಕಾಟ್ ನೆಲೆಯಿರುವ ದಕ್ಷಿಣ ಧ್ರುವ 2,835 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 90 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ನಮ್ಮ ಮನೆಗಳ ಪ್ರೆಶರ್ ಕುಕ್ಕರ್ ಒತ್ತಡವನ್ನು ಏರಿಸಿ ನೀಗಿಸುವುದು ಇದೇ ತೊಂದರೆಯನ್ನು. ಮೈತ್ರಿ, ಭಾರತಿಗಳಂತೂ ಅಷ್ಟು ಎತ್ತರದಲ್ಲಿಲ್ಲ.

ಇನ್ನು ಪೆಂಗ್ವಿನ್ ಮಾತು. ಹಿಂದಿನ ಕಾಲದ ಅನ್ವೇಷಕರು ಪೆಂಗ್ವಿನ್, ಸೀಲ್‌ಗಳನ್ನು ತಿಂದದ್ದುಂಟು. ಆದರೆ 1991ರ ಪರಿಸರ ಸಂರಕ್ಷಣಾ ಒಡಂಬಡಿಕೆಯ ಪ್ರಕಾರ ಪರವಾನಗಿಯಿಲ್ಲದೆ ಅವುಗಳನ್ನು ಹಿಡಿಯುವುದಾಗಲಿ ಕೊಲ್ಲುವುದಾಗಲಿ ನಿಷಿದ್ಧ.