ತೊಂಬತ್ತೊಂಬತ್ತಕ್ಕೇ ಚೀಲ ಕಟ್ಟಿದವರು

ನೂರು ತೆಂಗಿನಕಾಯಿಗೆ ದುಡ್ಡು ಕೊಟ್ಟವನು ತೊಂಬತ್ತೊಂಬತ್ತು ಎಣಿಸಿ ಚೀಲದ ಬಾಯಿ ಕಟ್ಟುತ್ತಾನೆಯೇ? 1999ರ ಡಿಸೆಂಬರ್ 31ರ ರಾತ್ರಿ ಇಡೀ ಜಗತ್ತು ಹಾಗೆ ಕಟ್ಟಿತು, ಪಟಾಕಿಯನ್ನೂ ಹೊಡೆಯಿತು. ಕ್ರಿಸ್ತಶಕದ ಎಣಿಕೆಗೆ ನಾಂದಿ ಹಾಡಿದ ಆರನೆಯ ಶತಮಾನದ ಡಯೊನಿಸಿಯಸ್ ಎಂಬ ಸನ್ಯಾಸಿಯ ಲೆಕ್ಕದಲ್ಲಿ ಸೊನ್ನೆಯ ವರ್ಷವೇ ಇಲ್ಲ. ಒಂದರಿಂದ ಎಣಿಸಿದರೆ ಎರಡು ಸಾವಿರ ತುಂಬುವುದು 2000ದ ಡಿಸೆಂಬರಿನಲ್ಲಿ; ಹೊಸ ಸಹಸ್ರಮಾನ ಹುಟ್ಟುವುದು 2001ರ ಜನವರಿ 1ಕ್ಕೆ. ಖಗೋಳಶಾಸ್ತ್ರಜ್ಞರು ಬಾಯಿ ನೋಯುವಷ್ಟು ಹೇಳಿದರು. ಹೋಟೆಲುಗಳು ಬುಕ್ ಆಗಿದ್ದವು, ಯಾರು ಕೇಳುತ್ತಾರೆ?

ತಪ್ಪು ವರ್ಷ ಎಂದು ಖಾತ್ರಿಯಾದ ಮೇಲೆ ಉಳಿದದ್ದು, ಆ ತಪ್ಪು ವರ್ಷದ ಮೊದಲ ಸೂರ್ಯೋದಯ ಯಾರದು ಎಂಬ ಜಗಳ. ಪೆಸಿಫಿಕ್ ಸಾಗರದ ಕಿರಿಬಾಟಿ ದೇಶವನ್ನು ಅಂತರರಾಷ್ಟ್ರೀಯ ದಿನರೇಖೆ ನಡುವೆಯೇ ಸೀಳಿಕೊಂಡು ಹೋಗಿತ್ತು. ರಾಜಧಾನಿ ಇರುವ ಪಶ್ಚಿಮದಲ್ಲಿ ಸೋಮವಾರವಾದರೆ ಪೂರ್ವದ ದ್ವೀಪಗಳಲ್ಲಿ ಭಾನುವಾರ. ಹಾಗಾಗಿ ಎರಡೂ ಕಡೆ ಕಚೇರಿ ತೆರೆದಿರುವ ದಿನಗಳು ವಾರಕ್ಕೆ ನಾಲ್ಕೇ. 1995ರ ಆರಂಭದಲ್ಲಿ ಸರ್ಕಾರ ರೇಖೆಯನ್ನೇ ಎತ್ತಿ ಪೂರ್ವಕ್ಕೆ ಹಾಕಿತು. ಇಲ್ಲಿಯವರೆಗೆ ನ್ಯಾಯವೇ. ಹಾಗೆ ಎತ್ತಿ ಹಾಕಿದ್ದರಿಂದ ದೇಶದ ಪೂರ್ವತುದಿಯ ಕ್ಯಾರೊಲಿನ್ ದ್ವೀಪಕ್ಕೆ ಜಗತ್ತಿನಲ್ಲೇ ಮೊದಲು ಬೆಳಗಾಗುವ ಯೋಗ ಬಂತು. ಅಲ್ಲಿ ಊರೂ ಇಲ್ಲ, ಜನವೂ ಇಲ್ಲ. ದ್ವೀಪಕ್ಕೆ ‘ಮಿಲೆನಿಯಂ’ ಎಂದು ಮರುನಾಮಕರಣ ಮಾಡಿ, ಹಾಡು ಕುಣಿತದವರನ್ನು ಹಡಗಿನಲ್ಲಿ ಕರೆತಂದು, ಟಿವಿ ಕ್ಯಾಮೆರಾದ ಮುಂದೆ ಸೂರ್ಯನನ್ನು ಸ್ವಾಗತಿಸಲಾಯಿತು. ನೆಂಟರು ಬರುವ ದಿನಕ್ಕೆ ಬಾಡಿಗೆ ಮನೆ ಹಿಡಿದ ಹಾಗೆ.

ಅದೇ ಸಾಗರದ ಟೊಂಗಾ ದೇಶ ಇನ್ನೂ ಸುಲಭದ ದಾರಿ ಹುಡುಕಿತು. 1999ರ ಅಕ್ಟೋಬರಿನಲ್ಲಿ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಟ್ಟಿತು. ಹೆಸರಿಗೆ ಹಗಲು ಉಳಿಸುವ ಯೋಜನೆ. ಗಡಿಯಾರ ತಿರುಗಿಸಿದರೆ ಮಧ್ಯರಾತ್ರಿ ಬೇಗ ಬರುತ್ತದೆ ನಿಜ, ಸೂರ್ಯನಿಗೆ ಮಾತ್ರ ಸುತ್ತೋಲೆ ತಲುಪುವುದಿಲ್ಲ. ನಮ್ಮವರೂ ಕೈಕಟ್ಟಿ ಕೂರಲಿಲ್ಲ. ಗ್ರೀನಿಚ್‌ನಲ್ಲಿ ರಾತ್ರಿ ಹನ್ನೆರಡು ಹೊಡೆಯುವ ಗಳಿಗೆಗೆ, ಅಂದರೆ ನಮ್ಮ ಬೆಳಗಿನ 5.30ಕ್ಕೆ, ಸೂರ್ಯ ಹುಟ್ಟುತ್ತಿರುವ ನೆಲ ನಿಕೋಬಾರಿನ ಕಚಾಲ್ ದ್ವೀಪ ಎಂದು ಲೆಕ್ಕ ಹಾಕಿ, ‘ಮೊದಲ ಕಿರಣ ನಮ್ಮದೇ’ ಎಂದು ಡಂಗುರ ಹೊಡೆದದ್ದಾಯಿತು. ಪಾಪ, ಅಂಟಾರ್ಕ್ಟಿಕಾದ ಧ್ರುವಕೇಂದ್ರದವರು ಮಾತ್ರ ಈ ಪೈಪೋಟಿಯಲ್ಲಿ ಇರಲಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಮುಳುಗದವನು ಹುಟ್ಟುವುದೆಲ್ಲಿಂದ?

ಹೋಗಲಿ, ಹಬ್ಬದ ಲೆಕ್ಕ ಎಂದು ಬಿಡಬಹುದು. ಲೆಕ್ಕವೇ ಕಸುಬಾದವರು 1999ರಲ್ಲಿ ಮಾಡಿದ್ದೇನು?

ನಮ್ಮಲ್ಲಿ ಜಾಗ ಕೊಳ್ಳಲು ಹೋದವನು ಮೊದಲು ಕೇಳುವುದು ‘ಗುಂಟೆಯೋ, ಸೆಂಟೋ?’ ಎಂದು. ಒಂದು ಗುಂಟೆಗೆ ಎರಡೂವರೆ ಸೆಂಟು. ಕೇಳದೆ ಮುಂಗಡ ಕೊಟ್ಟರೆ ಮನೆಯ ಪಾಯ ಪಕ್ಕದವರ ತೋಟದಲ್ಲಿ ಬೀಳುತ್ತದೆ. ಈ ಒಂದು ಪ್ರಶ್ನೆ ಕೇಳದೆ ನಾಸಾ ಮಂಗಳ ಗ್ರಹಕ್ಕೆ ನೌಕೆ ಕಳಿಸಿತು. ಹೆಸರು ಮಾರ್ಸ್ ಕ್ಲೈಮೇಟ್ ಆರ್ಬಿಟರ್, ಹೊರಟದ್ದು 1998ರ ಡಿಸೆಂಬರ್ 11. ಅದಕ್ಕಿದ್ದದ್ದು ಒಂದೇ ಮಗ್ಗುಲಿಗೆ ಚಾಚಿದ ಸೌರಫಲಕ. ಬಿಸಿಲಿನ ಒತ್ತಡ ಒಂದೇ ಕಡೆ ಬಿದ್ದು ನೌಕೆ ತಿರುಗಲು ನೋಡುತ್ತಿತ್ತು. ಅದನ್ನು ತಡೆಯಲು ಒಳಗೆ ಚಕ್ರಗಳು. ಚಕ್ರಗಳ ವೇಗ ಮಿತಿ ಮೀರಿದಾಗ ಇಳಿಸಲು ಪುಟ್ಟ ಎಂಜಿನ್ನುಗಳನ್ನು ಆಗಾಗ ಉರಿಸಬೇಕು. ಎಣಿಸಿದ್ದಕ್ಕಿಂತ ಹತ್ತು ಹದಿನಾಲ್ಕು ಪಟ್ಟು ಹೆಚ್ಚು ಸಲ ಉರಿಸಬೇಕಾಯಿತು. ಪ್ರತಿ ಸಲವೂ ದಾರಿ ಒಂದಿಷ್ಟು ಓರೆ.

ಎಷ್ಟು ಓರೆ ಎಂದು ತಿಳಿಯುವುದಕ್ಕೇ ಒಂದು ಸಾಫ್ಟ್‌ವೇರ್ ಇತ್ತು. ನೌಕೆ ಕಟ್ಟಿದ ಡೆನ್ವರಿನ ಲಾಕ್‌ಹೀಡ್ ಮಾರ್ಟಿನ್ ಕಂಪನಿಯವರ ಆ ಸಾಫ್ಟ್‌ವೇರ್ ನೂಕುಬಲವನ್ನು ಪೌಂಡಿನಲ್ಲಿ ಬರೆದಿಟ್ಟಿತು; ಪಾಸಡೀನಾದಲ್ಲಿರುವ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಅದೇ ಅಂಕಿಯನ್ನು ನ್ಯೂಟನ್ ಎಂದು ಓದಿಕೊಂಡರು. ಒಂದು ಪೌಂಡ್ ಬಲವೆಂದರೆ 4.45 ನ್ಯೂಟನ್. ಕರಾರಿನ ಕಾಗದದಲ್ಲಿ ನ್ಯೂಟನ್ ಎಂದೇ ಇತ್ತು, ಓದಬೇಕಿತ್ತು ಅಷ್ಟೇ. ಇನ್ನೂ ಸ್ವಾರಸ್ಯ ಮುಂದಿದೆ: ಮೊದಲ ನಾಲ್ಕು ತಿಂಗಳು ಆ ಕಡತದ ವಿನ್ಯಾಸವೇ ಸರಿಯಿಲ್ಲದೆ ಅದನ್ನು ಯಾರೂ ಬಳಸುವಂತಿರಲಿಲ್ಲ, ಅಂಕಿಗಳು ಇಮೇಲಿನಲ್ಲಿ ಓಡಾಡಿದವು. ಏಪ್ರಿಲಿನಲ್ಲಿ ಕಡತ ರಿಪೇರಿಯಾಗಿ ಬಳಕೆಗೆ ಬಂತು. ಅಂದರೆ ದೋಷ ಸರಿಪಡಿಸಿದ ಮೇಲೆಯೇ ದೋಷ ಒಳಗೆ ಬಂದದ್ದು. ದಾರಿ ನೋಡಿಕೊಳ್ಳುತ್ತಿದ್ದ ಕೆಲವರಿಗೆ ಅನುಮಾನವೂ ಬಂದಿತ್ತು. ಅದನ್ನವರು ಬಾಯಿಮಾತಿನಲ್ಲಿ, ಇಮೇಲಿನಲ್ಲಿ ಹೇಳಿದರು. ಅದಕ್ಕೆಂದೇ ಇದ್ದ ಫಾರಂ ತುಂಬಲಿಲ್ಲ. ಫಾರಂ ತುಂಬದ ಅನುಮಾನವನ್ನು ನಮ್ಮ ತಾಲೂಕು ಕಚೇರಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾಸಾ ಯಾಕೆ ಹಿಡಿಯಬೇಕು?

ಗ್ರಹದ ಮೇಲೆ 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಿತ್ತು. 80ಕ್ಕಿಂತ ಕೆಳಗಿಳಿದರೆ ನೌಕೆ ಬದುಕುವುದಿಲ್ಲ. ಹಾದದ್ದು 57ರಲ್ಲಿ. ಸೆಪ್ಟೆಂಬರ್ 23ರಂದು ಗ್ರಹದ ಮರೆಗೆ ಹೋಗಬೇಕಿದ್ದ ಗಳಿಗೆಗಿಂತ 49 ಸೆಕೆಂಡು ಮೊದಲೇ ಸಂಕೇತ ನಿಂತಿತು. ಆ ಇಡೀ ಯಾತ್ರೆಯಲ್ಲಿ ನೌಕೆ ಬೇಗ ಮುಗಿಸಿದ ಕೆಲಸ ಅದೊಂದೇ. ಹತ್ತು ವಾರಕ್ಕೆ, ಡಿಸೆಂಬರ್ 3ರಂದು, ಮಂಗಳದ ನೆಲಕ್ಕಿಳಿಯಬೇಕಿದ್ದ ನಾಸಾದ ಇನ್ನೊಂದು ನೌಕೆ, ಮಾರ್ಸ್ ಪೋಲಾರ್ ಲ್ಯಾಂಡರ್ ಕೂಡ ಸುದ್ದಿಯಿಲ್ಲದಾಯಿತು. ಕಾಲು ಚಾಚಿದಾಗ ಆದ ಜರ್ಕಿಗೆ ‘ನೆಲ ಮುಟ್ಟಿದೆ’ ಎಂದು ತಿಳಿದು, ಸುಮಾರು 40 ಮೀಟರ್ ಮೇಲಿರುವಾಗಲೇ ಎಂಜಿನ್ ಆರಿಸಿಕೊಂಡಿರಬೇಕು ಎಂದಿತು ತನಿಖೆ. ಕಂಡಕ್ಟರ್ ಸೀಟಿ ಹೊಡೆಯುವ ಮೊದಲೇ ಬಸ್ಸಿನಿಂದ ಇಳಿದ ಹಾಗೆ.

ದೊಡ್ಡ ಲೆಕ್ಕ ಹೀಗಾದರೆ ಸಣ್ಣದರಲ್ಲಾದರೂ ಜಾಣತನ ಬೇಡವೇ? ಏಪ್ರಿಲ್ 17ರಂದು ಲೋಕಸಭೆಯಲ್ಲಿ ವಾಜಪೇಯಿ ಸರ್ಕಾರಕ್ಕೆ 269, ವಿರುದ್ಧ 270. ವಿರುದ್ಧ ಒತ್ತಿದವರಲ್ಲಿ ಗಿರಿಧರ ಗಮಾಂಗ್ ಒಬ್ಬರು. ಅವರು ಎರಡು ತಿಂಗಳಿಂದ ಒಡಿಶಾದ ಮುಖ್ಯಮಂತ್ರಿ, ಲೋಕಸಭೆಯ ಸದಸ್ಯತ್ವಕ್ಕೆ ಮಾತ್ರ ರಾಜೀನಾಮೆ ಕೊಟ್ಟಿರಲಿಲ್ಲ. ಒಂದು ಕುರ್ಚಿಯಿಂದ ಏಳದೆ ಇನ್ನೊಂದರಲ್ಲಿ ಕೂತವರ ಮತವೇ ಮೂರನೆಯ ಕುರ್ಚಿಯನ್ನು ಉರುಳಿಸಿತು.

ಅಕ್ಟೋಬರ್ 12ಕ್ಕೆ ಭೂಮಿಯ 600 ಕೋಟಿಯ ಮನುಷ್ಯ ಸರಾಯೆವೊದ ಆಸ್ಪತ್ರೆಯಲ್ಲಿ ಹುಟ್ಟಿದ. ಅಲ್ಲೇ ಯಾಕೆ? ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನಾನ್ ಅಂದು ಆ ಊರಿನಲ್ಲಿದ್ದರು. ಎತ್ತಿಕೊಳ್ಳಲು ಮಗು ಬೇಕಲ್ಲ. ಅಮೆರಿಕದ ಜನಗಣತಿ ಇಲಾಖೆಯ ಲೆಕ್ಕದಲ್ಲಿ ಆ ಮಗು ಜುಲೈನಲ್ಲೇ ಹುಟ್ಟಿಯಾಗಿತ್ತು. ಅದೇ ಅಕ್ಟೋಬರ್ 12ರಂದು ಪಾಕಿಸ್ತಾನದಲ್ಲಿ ನವಾಜ್ ಷರೀಫರ ಲೆಕ್ಕವೂ ತಪ್ಪಿತು. ಸೇನಾ ಮುಖ್ಯಸ್ಥ ಮುಷರಫ್ ವಿಮಾನದಲ್ಲಿರುವಾಗ ಅವರನ್ನು ಕೆಲಸದಿಂದ ತೆಗೆದರು. ವಿಮಾನ ಇಳಿಯುವ ಹೊತ್ತಿಗೆ ಕೆಲಸ ಹೋಗಿದ್ದದ್ದು ಷರೀಫರದೇ.

ಇದೆಲ್ಲಕ್ಕೂ ಕಿರೀಟವೆಂದರೆ ವೈಟುಕೆ, ಅಂದರೆ 2000ನೇ ಇಸವಿ ಬಂದಾಗ ಕಂಪ್ಯೂಟರುಗಳು ಎಡವುತ್ತವೆ ಎಂಬ ಭಯ. 80 ಕಾಲಮಿನ ಪಂಚ್ ಕಾರ್ಡಿನ ಕಾಲದಲ್ಲಿ ಜಾಗ ಉಳಿಸಲೆಂದು 1965ನ್ನು 65 ಎಂದು ಬರೆದರು. 00 ಬಂದಾಗ ಯಂತ್ರ ಅದನ್ನು 1900 ಎಂದುಕೊಂಡರೆ ಬಡ್ಡಿ, ಪಿಂಚಣಿ ಎಲ್ಲ ಅಡಿಮೇಲು. ಎರಡಂಕಿ ಉಳಿಸಿದ್ದಕ್ಕೆ ಜಗತ್ತು ಸಾವಿರಾರು ಕೋಟಿ ಡಾಲರ್ ದಂಡ ಕಟ್ಟಿತು. ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮುಗಳನ್ನು ತಿದ್ದುತ್ತ ಬೆಂಗಳೂರಿನ ಎಷ್ಟೋ ಕಂಪನಿಗಳು ಮೇಲೆ ಬಂದವು. ಅಷ್ಟರ ಮಟ್ಟಿಗೆ ಆ ಎರಡಂಕಿಗೆ ನಾವು ಋಣಿಗಳೇ. ತಿದ್ದಲು ಎರಡು ದಾರಿ. ಒಂದು, ವರ್ಷದ ಜಾಗವನ್ನೇ ನಾಲ್ಕಂಕಿಗೆ ಹಿಗ್ಗಿಸುವುದು; ಕಡತ, ಪರದೆ, ರಿಪೋರ್ಟು ಎಲ್ಲ ಬದಲಾಗಬೇಕು, ಖರ್ಚು ಜಾಸ್ತಿ. ಇನ್ನೊಂದು, ಜುಗಾಡು: 00ರಿಂದ 29ರವರೆಗೆ ಬಂದರೆ ಮುಂದೆ 20 ಹಚ್ಚು, 30ರಿಂದ 99 ಬಂದರೆ 19 ಹಚ್ಚು. ಆ ಗೆರೆ ಎಲ್ಲಿ ಎಳೆಯಬೇಕೆಂಬುದು ಆಯಾ ಮೇಸ್ತ್ರಿಯ ಇಷ್ಟ. ಗೆರೆ ದಾಟುವ ಹೊತ್ತಿಗೆ ತಾನು ನಿವೃತ್ತನಾಗಿರುತ್ತೇನೆ ಎಂಬುದಷ್ಟೇ ಮೇಸ್ತ್ರಿಯ ಲೆಕ್ಕ, ಆ ವರ್ಷ ತಪ್ಪದಿದ್ದ ಲೆಕ್ಕವೂ ಬಹುಶಃ ಅದೊಂದೇ.

ಜನವರಿ 1 ಬಂತು. ವಿಮಾನ ಬೀಳಲಿಲ್ಲ, ಬ್ಯಾಂಕು ಮುಳುಗಲಿಲ್ಲ. ಅಮೆರಿಕಕ್ಕೆ ಅಧಿಕೃತವಾಗಿ ಟೈಮು ಹೇಳುವುದು ಅಲ್ಲಿನ ನೌಕಾಪಡೆಯ ಖಗೋಳ ವೀಕ್ಷಣಾಲಯ. ಅದರ ವೆಬ್‌ಸೈಟಿನ ಪ್ರೋಗ್ರಾಮು 1900ರಿಂದ ಕಳೆದ ವರ್ಷಗಳನ್ನು ಎಣಿಸಿ, ಎದುರಿಗೆ 19 ಅಂಟಿಸುತ್ತಿತ್ತು. 99 ಇದ್ದದ್ದು 100 ಆಯಿತು. ಪರದೆಯ ಮೇಲೆ ಮೂಡಿದ ತಾರೀಖು: ಜನವರಿ 1, 19100. ಕಿರಿಬಾಟಿಯವರು ಕೂಡ ಗೆರೆಯನ್ನು ಅಷ್ಟು ದೂರ ಒಯ್ದಿರಲಿಲ್ಲ.